ಬಣ್ಣಕ್ಕಾಗಿ ಬಿಸಿಲು ಕಾಯಿಸಿದ್ದು

ತಲೆಗೆ ಬಣ್ಣ ಹಚ್ಚುವವರನ್ನು ನಾನು ಬಹಳ ಗೌರವಿಸುತ್ತೇನೆ. ಇಡೀ ಊರಿಗೆ ಗೊತ್ತಿರುವ ವಿಷಯವನ್ನು ಊರಿಗೇ ಗೊತ್ತಾಗದಂತೆ ಕಾಪಾಡಲು ಅವರು ಪಡುವ ಪಾಡು ಸಾಮಾನ್ಯದ್ದಲ್ಲ. ನಾನೂ ಒಮ್ಮೆ ಮಾತ್ರ ಆ ಪಂಗಡಕ್ಕೆ ಸೇರಿದ್ದೆ, ಅದೂ ಲಗ್ನದ ಆಸೆಗೆ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು, ನನಗೆ ನಲವತ್ತೊಂದು. ಬೈಲಹೊಂಗಲದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ, ಆದರೆ ಎಷ್ಟು ಹೆಣ್ಣು ನೋಡಿದೆನೆಂಬ ಲೆಕ್ಕ ನನಗೇ ತಪ್ಪಿಹೋಗಿತ್ತು. ಕೊನೆಗೆ ಮುರಗೋಡದ ಅತ್ತೆ ರಾಮದುರ್ಗದ ಒಂದು ಸಂಬಂಧ ತಂದಳು. ಫೋಟೊ ನೋಡಿದೆ. ಇದೊಂದು ಕೂಡಿಬರಲಿ ದೇವರೇ ಎಂದು ಮೊದಲ ಸಲ ನಿಜವಾಗಿ ಅನ್ನಿಸಿತು. ರವಿವಾರ ಹೆಣ್ಣು ನೋಡಲು ಹೋಗುವುದೆಂದಾಯಿತು. ಶನಿವಾರ ಬೆಳಗಿನ ಶಾಲೆ ಮುಗಿಸಿ ನೇರವಾಗಿ ರಜಾಕನ ಸಲೂನಿಗೆ ಹೋದೆ.

ರಜಾಕ ಬೆಳಗಾವಿಯಿಂದ ಒಂದು ಬಿಸಿಗಾಳಿಯ ಯಂತ್ರ ತಂದಿದ್ದ, ತಲೆಯ ಮೇಲೆ ಬೋಗುಣಿ ಮಗುಚಿದಂತೆ ಕೂರುವಂಥದ್ದು. “ಬಿಸಿ ತಾಗಿದ್ರ ಕೂದಲಾ ಬಾಯಿ ತೆಗೀತಾವ್ರಿ ಸರ, ಬಣ್ಣಾ ಗಟಗಟಾ ಕುಡೀತಾವ. ತಾಸಿನ ಕೆಲಸ ಹತ್ತ ಮಿನಿಟಿನ್ಯಾಗ!” ಎಂದು ಬಣ್ಣ ಬಳಿದು, ಪ್ಲಾಸ್ಟಿಕ್ ಟೊಪ್ಪಿಗೆ ತೊಡಿಸಿ ಗುಂಡಿ ಒತ್ತಿದ. ಕರೆಂಟು ಹೋಯಿತು. ಯಾರ ತಲೆ ಯಾವ ಸ್ಥಿತಿಯಲ್ಲಿದೆಯೆಂದು ನಮ್ಮೂರಿನ ಕರೆಂಟಿಗೆ ಹೇಗೋ ತಿಳಿಯುತ್ತದೆ. “ಚಿಂತಿ ಬ್ಯಾಡ್ರಿ, ಮ್ಯಾಲಿನಾಂವ ಬಿಸಲ ಕೊಟ್ಟಾನ,” ಎಂದು ರಜಾಕ ಕುರ್ಚಿಯನ್ನು ಅಂಗಡಿಯ ಹೊರಗೆ ಹಾಕಿದ. ಬಜಾರಿನ ನಡುವೆ, ಮಾರ್ಚ್ ತಿಂಗಳ ಬಿಸಿಲಿಗೆ ತಲೆಯೊಡ್ಡಿ ಕೂತೆ. ಎಂಟನೇ ವರ್ಗದ ಅರ್ಧಕ್ಕರ್ಧ ಹುಡುಗರು ಕೈಮುಗಿದು ಹೋದರು. ಅಷ್ಟು ವಿನಯವನ್ನು ವರ್ಗದಲ್ಲಿ ನಾನು ಎಂದೂ ಕಂಡಿರಲಿಲ್ಲ.

ಆಗ ಕೊಡೆ ಹಿಡಿದ ಹಿರಿಯರೊಬ್ಬರು ಬಂದು ಪಕ್ಕದ ಕಟ್ಟೆಯ ಮೇಲೆ ಕುಳಿತರು. “ರಾಮದುರ್ಗದಿಂದ ಬಂದೇನ್ರಿ. ಇಲ್ಲಿ ಹೈಸ್ಕೂಲಿನ ಗಣಿತದ ಮಾಸ್ತರ ಅದಾರಲ್ರಿ, ಲಗ್ನಾ ಆಗಿಲ್ದವರು, ಹೆಂಗ್ರಿ ಮನಶ್ಯಾ? ನಮ್ಮ ಹುಡುಗಿನ್ನ ಕೊಡೂ ವಿಚಾರ ಐತಿ.” ಗಂಡಿನ ಗುಣವನ್ನು ಕಟಿಂಗ್ ಅಂಗಡಿಯಲ್ಲಿ ವಿಚಾರಿಸುವುದು ನಮ್ಮ ಕಡೆಯ ರೂಢಿ. ನಾನು ಟೊಪ್ಪಿಗೆಯನ್ನು ಹಣೆಯವರೆಗೆ ಎಳೆದುಕೊಂಡೆ. ರಜಾಕ ಮಾತ್ರ ನನ್ನತ್ತ ನೋಡದೆಯೇ, “ಬಂಗಾರದಂಥಾ ಮನಶ್ಯಾರಿ. ಇವರ್ನೂ ಕೇಳ್ರಿ, ಇವರಿಗೆ ಚೊಲೊ ಗೊತ್ತು. ನೆಗಡಿ ಆಗೇತ್ರಿ, ತಲಿಗೆ ಔಷಧಾ ಹಚ್ಚೇನಿ,” ಎಂದ.

ನಾನು ಒಂದಿಷ್ಟೂ ನಾಚದೆ ಶುರುಮಾಡಿದೆ. “ಅಂಥಾ ಶಾಂತ ಸ್ವಭಾವದವರು ಈ ತಾಲೂಕಿನ್ಯಾಗ ಇಲ್ರಿ. ಚಟಾ ಇಲ್ಲ. ಸುಳ್ಳಂತೂ ಗೊತ್ತಽ ಇಲ್ಲ.”

“ಕೂದಲಾ?”

“ಕಾಡಿಗಿ ಇದ್ದಂಗ ಅದಾವ್ರಿ. ಹುಡುಕಿದ್ರೂ ಒಂದ ಬಿಳಿ ಸಿಗೂದಿಲ್ಲ.”

ಹಿರಿಯರ ಮುಖ ಇಳಿಯಿತು. “ಹಂಗಾದ್ರ ಬ್ಯಾಡ ಬಿಡ್ರಿ. ಹ್ವಾದ ವರ್ಷ ಒಂದ ಗಂಡ ನೋಡಾಕ ಬಂದಿತ್ತು, ಮೂವತ್ತೈದ ಅಂದಿದ್ರು. ಮಳ್ಯಾಗ ತೊಯ್ಸಕೊಂಡ ಬಂದ್ರ ಕಾಲರ ತುಂಬ ಕರೀ ನೀರ! ತಲಿ ಬೆಳ್ಳಗಿದ್ರೂ ನಡೀತೈತಿ, ಬಣ್ಣಾ ಹಚ್ಚಾಂವ ಬ್ಯಾಡ ಅಂತ ಹುಡುಗಿ ಹಠಾ ಹಿಡದಾಳ. ನಲವತ್ತೊಂದಕ್ಕ ಒಂದೂ ಬಿಳಿ ಇಲ್ಲಂದ್ರ ಅದು ಬಣ್ಣನ ಇರಬೇಕು.”

ನಾನು ಕುರ್ಚಿಯಿಂದ ಜಿಗಿದೆದ್ದೆ. “ನಾನಽ ಆ ಮಾಸ್ತರ್ರೀ! ನನ್ನ ತಲ್ಯಾಗ ಅರ್ಧಾ ಬಿಳೀನ ಅದಾವ, ನೋಡ್ರಿ!” ಎಂದು ಟೊಪ್ಪಿಗೆ ಕಿತ್ತು ತಲೆ ಬಗ್ಗಿಸಿದೆ. ರಜಾಕ ಓಡಿಬಂದು ಕೂದಲು ಸರಿಸಿ ನೋಡಿ, ಸಂತೋಷದಿಂದ ಕೂಗಿದ: “ಮಸ್ತ ಕುಂತೈತಿ ಸರ! ಮಷೀನೂ ಇಷ್ಟ ಚೊಲೊ ಹಿಡಸ್ತಿದ್ದಿಲ್ಲ, ಒಂದೂ ಬಿಳಿ ಉಳದಿಲ್ಲ!”

ಹಿರಿಯರು ಕೊಡೆ ಬಿಚ್ಚಿ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಈಗ ನನ್ನ ತಲೆ ಅಪ್ಪಟ ಬಿಳಿ, ಒಂದು ಹನಿ ಬಣ್ಣವಿಲ್ಲ. ವಿಚಾರಿಸಲು ಮಾತ್ರ ಯಾರೂ ಬರುತ್ತಿಲ್ಲ.