ಮಾವನ ಹೊಡೆತಕ್ಕೆ ನಿಂತ ಮಕ್ಕಳು

ನಮ್ಮ ಸೋದರಮಾವ ನಮ್ಮ ಮನೆಯ ಒಂದು ಮದುವೆಗೂ ಬಂದವರಲ್ಲ. ನಂಬಿಕೆ ಬರದಿದ್ದರೆ ಆಲ್ಬಂ ತೆಗೆದು ನೋಡಿ. ಅಕ್ಷತೆ ಹಾಕುವವರಲ್ಲಿಲ್ಲ, ಪಂಕ್ತಿಯಲ್ಲಿಲ್ಲ, ಹೋಳಿಗೆಯ ಆಸುಪಾಸಿನಲ್ಲೂ ಇಲ್ಲ! ಕಾರಣ ಇಷ್ಟೇ: ಬೆಟಗೇರಿಯಲ್ಲಿ ಸ್ಟುಡಿಯೋ ಇಟ್ಟಿರುವ ಈ ಮಹಾನುಭಾವರೇ ಅಷ್ಟೂ ಫೋಟೋ ತೆಗೆದವರು. ಕ್ಯಾಮೆರಾ ಇನ್ನೊಬ್ಬರ ಕೈಗೆ ಹೋದರೆ ಮುನಿಸಿಕೊಳ್ಳುತ್ತದೆ ಎಂಬುದು ಅವರ ನಂಬಿಕೆ.

ಇಂಥವರ ಕೈಗೆ ನನ್ನ ತಂಗಿ ತನ್ನ ಭವಿಷ್ಯವನ್ನೇ ಕೊಟ್ಟಳು. ಬೆಟಗೇರಿಯ ಕೈಮಗ್ಗದ ಬಟ್ಟೆಯಲ್ಲಿ ಮಕ್ಕಳ ಫ್ರಾಕು ಹೊಲಿದು, ಆ ಬ್ರ್ಯಾಂಡಿಗೆ ‘ಗುಬ್ಬಿ ಅಂಗಿ’ ಎಂದು ಹೆಸರಿಟ್ಟಿದ್ದಳು. ಹುಬ್ಬಳ್ಳಿಯ ಅಂಗಡಿಯೊಂದು ಭಾನುವಾರ ಸಂಜೆಯೊಳಗೆ ಫೋಟೋ ಕಳಿಸಲು ಹೇಳಿತ್ತು. ಹಿಡಿಸಿದರೆ ಮಾಲು ಇಟ್ಟುಕೊಳ್ಳುತ್ತಾರೆ. ಇದೂ ಕೈತಪ್ಪಿದರೆ ಹೊಲಿಗೆ ಯಂತ್ರ ಮಾರಿಬಿಡುವುದೇ ಎಂದು ತಂಗಿ ಕೂತಿದ್ದಳು.

“ಸ್ಟುಡಿಯೋದಾಗ ಬ್ಯಾಡ, ಬಯಲಾಗ ಹೊಡಿಯೂಣು. ಪ್ಲ್ಯಾನ್ ನನಗ ಬಿಡ್ರಿ,” ಎಂದರು ಮಾವ.

ಬಿಟ್ಟೆವು. ವಾರವಿಡೀ ಪ್ಲ್ಯಾನು. ಮಗುವಿನ ಎತ್ತರಕ್ಕೆ ಜೋಳದ ಚೀಲ ತುಂಬಿ, ಅದಕ್ಕೆ ಫ್ರಾಕು ತೊಡಿಸಿ, ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬೆಳಕು ಹುಡುಕಲು ಹೊರಟರು. ಡೋಣಿಯ ಗುಡ್ಡದ ಗಾಳಿಗೆ ಫ್ರಾಕು ಹಾರಿ ಜಾಲಿಗಿಡ ಸೇರಿತು, ಆ ಜಾಗ ರದ್ದಾಯಿತು. ಲಕ್ಕುಂಡಿಯ ಗುಡಿಯೊಂದರ ಹಿಂದೆ ಚೀಲ ನಿಲ್ಲಿಸಿ, ಅದರ ಗದ್ದ ಇರಬೇಕಾದ ಕಡೆ ಹಿಡಿದು ಮುಖ ಎತ್ತಿಸುತ್ತಿದ್ದಾಗ ಮುದುಕಿಯೊಬ್ಬಳು ನಿಂತು ನೋಡಿದಳಂತೆ.

“ಏನ್ರಿ ಅದು?”

“ಮಾಡಲ್ ಐತ್ರಿ ಅಮ್ಮಾ. ಖರೆ ಕೂಸು ನಾಳಿ ಬರತೈತಿ.”

“ಈ ಕೂಸು ಭಾಳ ಶಾಣ್ಯಾ ಐತಿ, ಅಳೂದಿಲ್ಲ. ನಾಳಿಗೂ ಇದನ್ನ ತರ್ರಿ.”

ಮುದುಕಿಯ ಮಾತು ಕೇಳಬೇಕಿತ್ತು. ಭಾನುವಾರ ನನ್ನ ನಾಲ್ಕು ವರ್ಷದ ಮಗಳು ಚಿನ್ನುವನ್ನೂ ಪಕ್ಕದ ಮನೆಯ ಅವಳಿಗಳನ್ನೂ ಫ್ರಾಕು ತೊಡಿಸಿ ಅದೇ ಜಾಗದಲ್ಲಿ ನಿಲ್ಲಿಸಿದೆವು. ನಮ್ಮ ಕಡೆ ಮಾತಿನಲ್ಲಿ ಫೋಟೋ ‘ತೆಗೆಯುವುದಿಲ್ಲ’, ‘ಹೊಡೆಯುತ್ತಾರೆ’. ಮಾವ ಒಂದು ಕಣ್ಣು ಮುಚ್ಚಿ ಗಂಭೀರವಾಗಿ ಹೇಳಿದರು:

“ಚಿನ್ನೂ, ಸುಮ್ಮ ನಿಂದ್ರು. ಈಗ ಹೊಡಿತೀನಿ. ಅಳ್ಳಾಡಿದ್ರ ಮತ್ತೊಮ್ಮೆ ಹೊಡಿಬೇಕಾಗತೈತಿ.”

ಚಿನ್ನುವಿನ ತುಟಿ ನಡುಗಿತು. “ನಾ ಏನ್ ಮಾಡೇನಿ ಅಜ್ಜಾ?”

“ನೀ ಏನೂ ಮಾಡಬ್ಯಾಡ. ಹೊಡಿಯೋದು ನನ್ನ ಕೆಲಸ.”

ಇನ್ನು ಕೇಳಬೇಕೆ? ಮೂರೂ ಮಕ್ಕಳು ಹೋ ಎಂದು ಅಳುತ್ತ ಬೇವಿನ ಮರದ ಹಿಂದೆ ಓಡಿದವು. ಪೆಪ್ಪರಮೆಂಟು ತೋರಿಸಿದರೂ ಹೊರಬರಲಿಲ್ಲ. ಇತ್ತ ಹೊತ್ತು ಇಳಿಯುತ್ತಿತ್ತು. ತಂಗಿ ಕಟ್ಟೆಯ ಮೇಲೆ ಕೂತು ತಾನೂ ಅಳತೊಡಗಿದಳು.

ಮಾವ ತಂಗಿಯ ಮುಖ ನೋಡಿದರು. ಯಾರಿಗೂ ಮುಟ್ಟಗೊಡದ ಆ ಕ್ಯಾಮೆರಾವನ್ನು ತಮ್ಮ ಕೊರಳಿನಿಂದ ತೆಗೆದು, ಮರದ ಹಿಂದೆ ಹೋಗಿ ಚಿನ್ನುವಿನ ಕೊರಳಿಗೆ ಹಾಕಿದರು. “ಆತು ಬಿಡವ್ವಾ. ನೀನ ನನ್ನ ಹೊಡಿ,” ಎಂದು ಉಳಿದಿದ್ದ ಫ್ರಾಕೊಂದನ್ನು ಬೊಜ್ಜಿನ ಮೇಲೆ ಹಿಡಿದು, ಸೊಂಟ ಬಳುಕಿಸಿ ನಿಂತರು. ಮಕ್ಕಳು ಬಿದ್ದು ಬಿದ್ದು ನಕ್ಕವು. ತಂಗಿ ಕಣ್ಣೊರೆಸಿಕೊಂಡು ಮೊಬೈಲಿನಲ್ಲಿ ಒಂದೇ ಸಮನೆ ಫೋಟೋ ತೆಗೆದಳು. ಅವಸರದಲ್ಲಿ ಮಾವನನ್ನೂ ಸೇರಿಸಿಯೇ ಹುಬ್ಬಳ್ಳಿಗೆ ಕಳಿಸಿದಳು.

ಅಂಗಡಿಯವರ ಫೋನ್ ಬಂತು. “ಮಕ್ಕಳು ಭಾಳ ಚಂದ ನಕ್ಕಾವ್ರಿ. ಮಾಲು ಕಳಸ್ರಿ. ಆ ಹಿರಿಯರ ಸೈಜಿನಾಗೂ ಅಂಗಿ ಬರತಾವೇನ್ರಿ?”

ಚಿನ್ನು ಹೊಡೆದದ್ದು ಒಂದೇ ಫೋಟೋ. ಸೊಟ್ಟ, ಮುಕ್ಕಾಲು ಭಾಗ ಆಕಾಶ. ಮೂಲೆಯಲ್ಲಿ ಫ್ರಾಕು ಹಿಡಿದು ಬಾಯ್ತುಂಬ ನಗುತ್ತಿರುವ ಮಾವ. ಅದರ ಪ್ರಿಂಟು ಮನೆಗೆ ತಂದಾಗ ನನ್ನ ಅವ್ವ, ಅಂದರೆ ಮಾವನ ಅಕ್ಕ, ಬಹಳ ಹೊತ್ತು ನೋಡಿದಳು. ಆಮೇಲೆ ತಂಗಿಯ ಮದುವೆಯ ಆಲ್ಬಂ ತೆಗೆದು, ಖಾಲಿ ಉಳಿದಿದ್ದ ಕೊನೆಯ ಪುಟಕ್ಕೆ ಅನ್ನದ ಅಗುಳು ಹಚ್ಚಿ ಅದನ್ನು ಅಂಟಿಸಿದಳು. ಅವ್ವ ಫೋಟೋದ ಮೇಲೆ ಕೈಯಾಡಿಸಿ ಹೇಳಿದಳು:

“ಅಂತೂ ಮದಿವಿಗೆ ಬಂದ್ಯಲ್ಲೋ ತಮ್ಮಾ. ಉಂಡ್ಯೋ ಇಲ್ಲೋ?”