ಎಂ.ಆರ್.ಐ. ಕೋಣೆಯಲ್ಲಿ ನನ್ನ ಜನಿವಾರ

ಬೇರೆಯವರಿಗೆ ಧೈರ್ಯ ಹೇಳುವುದರಲ್ಲಿ ಮುಳಬಾಗಿಲಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ಎದುರುಮನೆಯವರ ಹರ್ನಿಯಾದಿಂದ ಹಿಡಿದು ಅವರ ಮಗಳ ಗಣಿತ ಪರೀಕ್ಷೆಯವರೆಗೆ ಧಾರಾಳವಾಗಿ ಹಂಚಿದ್ದೇನೆ. ನನ್ನ ಹೆಂಡತಿ ಪದ್ಮಳ ಅಂಡಾಶಯದಲ್ಲಿ ಗಡ್ಡೆಯಿದೆ, ಎಂಥದ್ದೆಂದು ತಿಳಿಯಲು ಬೆಂಗಳೂರಿನಲ್ಲಿ ಎಂ.ಆರ್.ಐ. ಮಾಡಿಸಿ ಎಂದು ಕೋಲಾರದ ಡಾಕ್ಟರು ಹೇಳಿದ ದಿನ ನನ್ನ ದಾಸ್ತಾನು ಖಾಲಿಯಾಯಿತು. ಕ್ಯಾನ್ಸರ್ ಎಂಬ ಮಾತನ್ನು ನಾವಿಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಶ್ರೀನಿವಾಸಪುರದ ನಮ್ಮಕ್ಕ ಫೋನಿನಲ್ಲಿ "ಏಮೀ ಕಾದು ಕಣೋ, ಏನೂ ಆಗಲ್ಲ, ಧೈರ್ಯವಾಗಿರು" ಅಂದಳು. ಅವಳ ದನಿಯೇ ನಡುಗುತ್ತಿತ್ತು.

ಬೆಂಗಳೂರಿನ ಆಸ್ಪತ್ರೆಯಲ್ಲಿದ್ದ ಆ ಯಂತ್ರವೇ ಒಂದು ದೊಡ್ಡ ಅಯಸ್ಕಾಂತವಂತೆ; ಲೋಹದ್ದೇನೂ ಒಳಗೆ ಬರಕೂಡದು. ಪದ್ಮ ಮಾಂಗಲ್ಯ ತೆಗೆಯುವ ಮುಂಚೆ, ಮನೆಯಿಂದ ತಂದಿದ್ದ ಅರಿಶಿನದ ಕೊಂಬನ್ನು ದಾರದಲ್ಲಿ ಕಟ್ಟಿಕೊಂಡಳು. "ನೀವಿರೋವಾಗ ಬರೀ ಕೊರಳಲ್ಲಿ ಮಲಗಲ್ಲ" ಎಂದಳು. ಅವಳ ಹೆದರಿಕೆ ನೋಡಿದ ಟೆಕ್ನೀಷಿಯನ್, ಮಲಗಿಸುವ ತನಕ ಜೊತೆಗಿರಲು ನನಗೆ ಒಪ್ಪಿಗೆ ಕೊಟ್ಟ. ವಾಚು, ಬೆಲ್ಟು, ಚಿಲ್ಲರೆ ಎಲ್ಲ ಹೊರಗಿಟ್ಟೆ. "ಮೈಮೇಲೆ ಇನ್ನೇನೂ ಇಲ್ಲ ತಾನೆ?" ಎಂದ. "ಏನೂ ಇಲ್ಲಪ್ಪ" ಎಂದೆ.

ನಮ್ಮ ಮನೆತನದ ಗಂಡಸರು ಬೀರುವಿನ ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುತ್ತಾರೆ. ಸ್ನಾನದಲ್ಲೂ ನಿದ್ದೆಯಲ್ಲೂ ಜೊತೆಗೇ ಇರುವುದರಿಂದ ಅದು ಕಬ್ಬಿಣವೆಂಬುದೇ ಮರೆತಿರುತ್ತದೆ. ಯಂತ್ರದತ್ತ ನಾಲ್ಕು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಅದು ಶರಟಿನ ಗುಂಡಿಗಳ ಸಂದಿಯಿಂದ ಹೊರಬಂದು ಗಾಳಿಯಲ್ಲಿ ನೆಟ್ಟಗೆ ನಿಂತಿತು. ಜನಿವಾರ ನನ್ನನ್ನು ಸಂತೆಯ ಹೋರಿಯಂತೆ ಎಳೆಯತೊಡಗಿತು. ಟೆಕ್ನೀಷಿಯನ್ ನನ್ನನ್ನು ತಬ್ಬಿ ಹಿಂದಕ್ಕೆ ಜಗ್ಗಿದ. "ಏನ್ರೀ ಇದು, ಕಿತ್ಕೊಂಡು ಹೋಗಿ ಆಯಮ್ಮನ ತಲೆಗೆ ಹೊಡೆದಿದ್ರೆ?" ಎಂದ. ನಾನು ಬೀಗದ ಕೈಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಬಾಗಿಲತ್ತ ಸರಿದೆ. ಯಂತ್ರದ ಹಲಗೆಯ ಮೇಲೆ ಮಲಗಿದ್ದ ಪದ್ಮ ಮಾತ್ರ ವಾರದಲ್ಲಿ ಮೊದಲ ಸಲ ನಕ್ಕಳು. "ನಗಬೇಡೀಮ್ಮಾ, ಅಲುಗಾಡಿದ್ರೆ ಚಿತ್ರ ಕೆಡ್ತದೆ" ಎಂದು ಅವಳಿಗೂ ಗದರಿಕೆಯಾಯಿತು.

ನನ್ನನ್ನು ಹೊರಗೆ ಕೂರಿಸಿದರು. ಗೋಡೆಯಾಚೆ ಯಂತ್ರ ಧಡಧಡ ಬಡಿಯುತ್ತಿತ್ತು. ಅವಳಿಲ್ಲದ ಅಡುಗೆಮನೆ ಕಣ್ಣಿಗೆ ಕಟ್ಟಿತು. ಮುಳಬಾಗಿಲ ಆಂಜನೇಯನಿಗೆ ಹೊರಬಲ್ಲ ಹರಕೆಗಳೆಲ್ಲ ಮುಗಿದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ಕರೆದರು.

"ಗಡ್ಡೆಯೊಳಗೆ ಕೊಬ್ಬಿರೋದು ಚೆನ್ನಾಗಿ ಕಾಣ್ತಿದೆ. ಇಂಥಾದ್ದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ತೆಗೆದು ಪರೀಕ್ಷೆಗೆ ಕಳಿಸೋಣ, ಹೆದರಬೇಡಿ" ಎಂದರು.

ಅವರಿಗೆ ಕೈಮುಗಿಯಬೇಕೆಂದು ಏಳಹೋದೆ, ಕಾಲುಗಳು ಏಳಲಿಲ್ಲ. ಪದ್ಮ ನನ್ನ ರಟ್ಟೆ ಹಿಡಿದು ಹೊರಗಿನ ಬೆಂಚಿನವರೆಗೆ ತಂದು, ಸೆರಗಿನಲ್ಲಿ ಗಾಳಿ ಹಾಕಿದಳು. ನಾನು ಮಕ್ಕಳಂತೆ ಅತ್ತೆ. ಅಷ್ಟರಲ್ಲಿ ಆಸ್ಪತ್ರೆಯ ಆಯಾ ಗಾಲಿಕುರ್ಚಿ ತಳ್ಳಿಕೊಂಡು ಬಂದು, ಪೇಷೆಂಟನ್ನು ಹುಡುಕುತ್ತ ನಮ್ಮಿಬ್ಬರನ್ನೂ ನೋಡಿ, ಕುರ್ಚಿಯನ್ನು ನನ್ನ ಮುಂದೆ ನಿಲ್ಲಿಸಿದಳು. "ನಿಧಾನವಾಗಿ ಕರ್ಕೊಂಡು ಹೋಗಮ್ಮ, ಪಾಪ" ಎಂದಳು ಪದ್ಮ. ನಾನು ಹತ್ತಿ ಕೂತೆ.