ಮುಲುಂಡಿನ ಒರಳು ಮತ್ತು ಗುಂಡಿನ ವಿವಾಹ ಪ್ರಕರಣ

ಒರಳಿನಲ್ಲಿ ಗುಂಡು ತಿರುಗಿಸುವುದು ಅಡುಗೆಯ ಕೆಲಸವಲ್ಲ, ಅದು ಪುರಾತನ ಕಾಮಪೂಜೆ ಎಂಬ ನಿರ್ಣಯವನ್ನು ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿ ೧೯೭೩ರ ಜೂನ್ ತಿಂಗಳ ಸಭೆಯಲ್ಲಿ ಸರ್ವಾನುಮತದಿಂದ ಅಂಗೀಕರಿಸಿತು. ಇಬ್ಬರು ಸದಸ್ಯರು ನಿದ್ದೆಯಲ್ಲಿದ್ದರು. ಅವರ ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳಲಾಯಿತು.

ಆಧಾರವಿಲ್ಲದೆ ಮಾತಾಡುವವರಲ್ಲ ನಮ್ಮ ಸೆಕ್ರೆಟರಿ ನಾಣಿ ರಾಯರು. ಸಯನ್ ಸ್ಟೇಷನ್ನಿನ ಹೊರಗೆ ಅವರಿಗೊಂದು ಕಿರುಪುಸ್ತಕ ಸಿಕ್ಕಿತ್ತು. ಯಾವುದೋ ದೂರದೇಶದ ಪ್ರಾಚೀನರು ತಮ್ಮ ಗುಡಿಗಳು ಬಿದ್ದಮೇಲೆ ಕಾಮದೇವತೆಗಳನ್ನು ಗುಟ್ಟಾಗಿ ಅಡುಗೆಮನೆಗಳಲ್ಲಿ ಬಚ್ಚಿಟ್ಟರಂತೆ. ಹೆಂಗಸರು ತಿಳಿಯದೆ ದಿನವೂ ಪೂಜಿಸುತ್ತಿದ್ದಾರಂತೆ. ರಾಯರು ತನಿಖೆ ಮಾಡಿದರು. ಆ ವರ್ಷ ಬಿಲ್ಡಿಂಗಿನಲ್ಲಿ ಎರಡು ಪ್ರೇಮವಿವಾಹ ನಡೆದಿದ್ದವು, ಎರಡೂ ಮನೆಯವರು ದೋಸೆ ತಿನ್ನುವವರು. ಇನ್ನೇನು ಬೇಕು?

ಗುಂಡನ್ನು ಸೆಕ್ರೆಟರಿಯವರ ಮನೆಯಲ್ಲಿ ಪ್ರತ್ಯೇಕವಾಗಿ ಇಡತಕ್ಕದ್ದು ಎಂದು ಆಜ್ಞೆಯಾಯಿತು. ಒರಳುಕಲ್ಲು ನೆಲಮಹಡಿಯ ಸೇವಂತಿಯದು. ಗಂಡ ತೀರಿಕೊಂಡ ಮೇಲೆ ಹದಿನೆಂಟು ಮನೆಗಳಿಗೆ ಹಿಟ್ಟು ರುಬ್ಬಿಕೊಟ್ಟು ಇಬ್ಬರು ಮಕ್ಕಳನ್ನು ಸಾಕುತ್ತಿದ್ದವಳು. ರುಬ್ಬುವುದು ನಿಂತರೆ ಅವಳ ಒಲೆಯೂ ನಿಂತಂತೆ. ನನಗೆ ಪಾಪ ಅನ್ನಿಸಿತು. ಆದರೆ ನಾನೂ ಕಮಿಟಿ ಸದಸ್ಯ, ಕೈ ಎತ್ತಿದ್ದೆ.

ಅವಳು ರಾಯರ ಬಾಗಿಲಿಗೆ ಬಂದಳು.

"ನೋಡಮ್ಮ, ಅವೆರಡೂ ಮದುವೆಯಿಲ್ಲದೆ ಕೂಡುತ್ತಿವೆ. ಸಂಸಾರವಂದಿಗರ ಬಿಲ್ಡಿಂಗ್ ಇದು," ಎಂದರು ರಾಯರು.

"ಹಾಗಾದ್ರೆ ಮದುವೆ ಮಾಡಿಬಿಡಿ ರಾಯರೇ," ಎಂದಳು ಸೇವಂತಿ.

ನಿಯಮಾವಳಿಯಲ್ಲಿ ಇದಕ್ಕೆ ಅಡ್ಡಿಯಿರಲಿಲ್ಲ. ಭಾನುವಾರ ಟೆರೇಸಿನ ಮೇಲೆ ಶಾಸ್ತ್ರೋಕ್ತವಾಗಿ ಮದುವೆ ನಡೆಯಿತು. ರಾಯರು ಗಂಡಿನ ಕಡೆಯ ಹಿರಿಯರಾಗಿ ಗುಂಡನ್ನು ತೊಡೆಯ ಮೇಲೆ ಕೂರಿಸಿಕೊಂಡರು, ಆಮೇಲೆ ಎರಡು ದಿನ ಕುಂಟಿದರು. ವಿಧವೆಯಾದ್ದರಿಂದ ಸೇವಂತಿ ಮಂಟಪದ ಹತ್ತಿರ ಬರಬಾರದೆಂದು ಸೂಚಿಸಲಾಯಿತು. ಅವಳು ಕೆಳಗೆ ಪಾತ್ರೆ ತೊಳೆದಳು.

ಮೂರೇ ದಿನ ರುಬ್ಬಿದಳು. ಅಷ್ಟರಲ್ಲಿ ಆಷಾಢ ಬಂತು. ಹೊಸ ಮದುಮಕ್ಕಳು ಆಷಾಢದಲ್ಲಿ ಒಂದೇ ಸೂರಿನಡಿ ಇರುವಂತಿಲ್ಲವಲ್ಲ. ರಾಯರು ಗುಂಡನ್ನು ಮತ್ತೆ ಮನೆಗೆ ಹೊರಿಸಿಕೊಂಡು ಹೋದರು. ಒಂದು ತಿಂಗಳು ತಾನೇ, ಎಂದರು. ಸೇವಂತಿಯ ಡಬ್ಬದಲ್ಲಿ ನಾಲ್ಕು ದಿನದ ಅಕ್ಕಿಯಿತ್ತು.

ಮದುವೆಯಾದ ಹನ್ನೊಂದನೆಯ ದಿನ ಅವಳು ಪೇಟೆಗೆ ಹೋಗಿ, ಸೆರಗಿನಲ್ಲಿ ಏನನ್ನೋ ಸುತ್ತಿಕೊಂಡು ಬಂದಳು. ಅದೊಂದು ಪುಟ್ಟ ಗುಂಡು. ಅದನ್ನು ಒರಳಿನಲ್ಲಿ ಕೂರಿಸಿ, ಗಂಡು ಮಗು, ಬಾಣಂತಿ ಚೆನ್ನಾಗಿದ್ದಾಳೆ ಎಂದು ಕಮಿಟಿಗೆ ಹೇಳಿಕಳಿಸಿದಳು.

ಕಮಿಟಿ ಓಡಿ ಬಂತು. ರಾಯರು ಬೆರಳು ಮಡಿಸಿ ಎಣಿಸಿದರು. ಹನ್ನೊಂದು ದಿನಕ್ಕೆ ಹೆರಿಗೆ ಹೇಗೆ ಎಂದರು.

"ಕಲ್ಲಿಗೂ ಒಂಬತ್ತು ತಿಂಗಳು ಬೇಕು ಅಂತ ನಿಮ್ಮ ಪುಸ್ತಕದಲ್ಲಿ ಎಲ್ಲಿದೆ, ತೋರಿಸಿ."

ರಾಯರು ನಿಂತಲ್ಲೇ ಪುಸ್ತಕ ಪೂರ್ತಿ ತಿರುವಿದರು. ಎಲ್ಲೂ ಇರಲಿಲ್ಲ. ಹಾಗಾದರೆ ಮದುವೆಗೆ ಮುಂಚೆಯೇ ಏನೋ ನಡೆದಿದೆ ಎಂದು ಯಾರೋ ಪಿಸುಗುಟ್ಟಿದರು. ಗಂಡಿನ ಕಡೆಯ ಮಾನದ ಪ್ರಶ್ನೆಯಾದ್ದರಿಂದ ಅದನ್ನು ನಡಾವಳಿಯಲ್ಲಿ ಬರೆಯಬಾರದೆಂದು ತೀರ್ಮಾನವಾಯಿತು. ಮಗು ತಾಯಿಯ ಮಡಿಲಲ್ಲಿ ಆಡುವುದಕ್ಕೆ ಸೊಸೈಟಿಯ ಆಕ್ಷೇಪಣೆ ಇಲ್ಲವೆಂದೂ, ಆ ಹೊತ್ತಿನಲ್ಲಿ ನಡುವೆ ಉದ್ದು ಬಿದ್ದರೆ ಅದು ಆಕಸ್ಮಿಕವೆಂದೂ ಠರಾವಾಯಿತು. ಹದಿನೆಂಟು ಮನೆಗಳೂ ಮರುದಿನವೇ ಪಾತ್ರೆ ಕಳಿಸಿದವು.

ನಾಮಕರಣದ ದಿನ ಹಿಟ್ಟಿನ ಕೈಯಲ್ಲೇ ಸೇವಂತಿ ಮಗುವನ್ನು ಎತ್ತಿಕೊಟ್ಟಳು. ಈ ಸಲ ಅವಳನ್ನು ಯಾರೂ ದೂರ ನಿಲ್ಲು ಎನ್ನಲಿಲ್ಲ. ರಾಯರು ಗುಂಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕಿವಿ ಯಾವ ಕಡೆಯಮ್ಮ ಎಂದು ಕೇಳಿದರು. ಅವಳು ತೋರಿಸಿದಳು. ರಾಯರು ಬಾಗಿ, ತಮ್ಮ ತಂದೆಯ ಹೆಸರನ್ನು ಮೂರು ಸಲ ಹೇಳಿದರು.